ಸಿಎಎಚ್ ಇರುವ ಮಗಳ ತೂಕ ಏರುತ್ತಿದೆ, ಮಾತ್ರೆಯೇ ಕಾರಣವಾ?

ಜಯನಗರದ ಅಮ್ಮ: ಮಗಳಿಗೆ 6 ವರ್ಷ. ಹುಟ್ಟಿನಿಂದಲೇ ಸಿಎಎಚ್ (ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ) ಕಾಯಿಲೆ, ಅಂದರೆ ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಸರಿಯಾಗಿ ತಯಾರಿಸುವುದಿಲ್ಲ. ಅದರ ಬದಲಿಗೆ ದಿನಕ್ಕೆ 3 ಸಲ ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಕೊಡುತ್ತೇವೆ. ಊಟ ಜಾಸ್ತಿ ಏನಿಲ್ಲ, ಆದರೂ ಒಂದು ವರ್ಷದಿಂದ ತೂಕ ಏರುತ್ತಲೇ ಇದೆ. ಅತ್ತೆ ಸ್ಟೀರಾಯ್ಡ್ ನಿಲ್ಲಿಸು ಅನ್ನುತ್ತಾರೆ. ಭಯವಾಗಿದೆ.

ವಿಜಯನಗರದ ಅಪ್ಪ: ಮೇಡಂ, ದಯವಿಟ್ಟು ನಿಲ್ಲಿಸಬೇಡಿ! ಬಿಪಿ, ಸಕ್ಕರೆ ಕುಸಿದು ಜೀವಕ್ಕೇ ಅಪಾಯ. ನಮ್ಮ ಮಗನಿಗೂ ಇದೇ ಕಾಯಿಲೆ, ಈಗ 11 ವರ್ಷ. ಈ ಮಕ್ಕಳಿಗೆ ಬೊಜ್ಜಿನ ಅಪಾಯ ಜಾಸ್ತಿ ಅನ್ನುವುದು ನಿಜ. ಬೇರೆ ಮಕ್ಕಳು ತೆಳ್ಳಗಾಗಿ ಮತ್ತೆ ಮೈ ತುಂಬಿಕೊಳ್ಳುವುದು ಸುಮಾರು 5-6 ವರ್ಷಕ್ಕೆ, ಇವರಲ್ಲಿ ಅದು ಎಷ್ಟೋ ಮೊದಲೇ ಶುರುವಾಗುತ್ತದೆ. ಡೋಸ್ ಜಾಸ್ತಿಯಾದರೆ ತೂಕ ಏರುತ್ತದೆ, ಎತ್ತರ ನಿಲ್ಲುತ್ತದೆ, ಹಾಗಂತ ಕಡಿಮೆಯಾದರೆ ಗಂಡು ಹಾರ್ಮೋನ್ ಏರಿ ಮೂಳೆ ಬೇಗ ಬಲಿಯುತ್ತದೆ, ಆಗಲೂ ಕೊನೆಗೆ ಮಗು ಕುಳ್ಳಗೇ ಉಳಿಯುತ್ತದೆ. ಸಾಮಾನ್ಯವಾಗಿ ಮೈಯ ಹೊರಮೈ ವಿಸ್ತೀರ್ಣದ ಒಂದು ಚದರ ಮೀಟರ್‌ಗೆ ದಿನಕ್ಕೆ 10ರಿಂದ 15 ಮಿಲಿಗ್ರಾಂ ಲೆಕ್ಕ. ಎಂಡೋಕ್ರೈನ್ (ಹಾರ್ಮೋನ್) ಡಾಕ್ಟರ್ ಹತ್ತಿರ ಎತ್ತರ, ತೂಕ ನೋಡಿಸಿ ಡೋಸ್ ಮತ್ತೆ ಲೆಕ್ಕ ಹಾಕಿಸಿ.

ಗಿರಿನಗರದ ಸೌಮ್ಯ: ಜ್ವರ ಬಂದಾಗ ಈ ಮಕ್ಕಳಿಗೆ ಮಾತ್ರೆಯ ಡೋಸ್ ಹೆಚ್ಚಿಸುತ್ತೇವಲ್ಲ, ಅದನ್ನು ಆಮೇಲೆ ಇಳಿಸಿದಿರಾ? ನಾವು ಮೂರು ವಾರ ಹಾಗೇ ಕೊಟ್ಟುಬಿಟ್ಟಿದ್ದೆವು. ಇನ್ನೊಂದು, ಪಾಪ ಕಾಯಿಲೆ ಮಗು ಅಂತ ಬಂದವರೆಲ್ಲ ಬೇಕರಿ ಪೊಟ್ಟಣ ತರುತ್ತಾರೆ, ಅಲ್ವಾ? ಅದನ್ನು ನಿಲ್ಲಿಸಿ, ಸಂಜೆ ಪಾರ್ಕಿನಲ್ಲಿ ಓಡಾಡಲು ಬಿಡಿ.

ಜಯನಗರದ ಅಮ್ಮ: ಹೌದು, ಹೋದ ತಿಂಗಳ ಜ್ವರದ ಡೋಸೇ ನಡೆಯುತ್ತಿದೆ! ಈಗಲೇ ಡಾಕ್ಟರಿಗೆ ಫೋನ್ ಮಾಡುತ್ತೇನೆ.