ಹತ್ತಿಕಾಳು ಹಿಂಡಿ ಹಾಕಿದ ಮೇಲೆ ಮೊಟ್ಟೆಯ ಹಳದಿ ಹಸಿರಾಗುತ್ತಿದೆ, ಯಾಕೆ?

ಚಳ್ಳಕೆರೆ_ಕೋಳಿಗೂಡು:
ನನ್ನ ಹತ್ತಿರ 180 ಬಿವಿ-380 ತಳಿಯ ಮೊಟ್ಟೆ ಕೋಳಿಗಳಿವೆ. ಕಂಪನಿ ಫೀಡ್ ದುಬಾರಿ ಆಯಿತು ಅಂತ ಮನೆಯಲ್ಲೇ ಕಲಸುತ್ತೇನೆ. ಮೆಕ್ಕೆಜೋಳದ ನುಚ್ಚು, ತೌಡು, ಸೋಯಾ ಹಿಂಡಿ, ಚಿಪ್ಪಿನ ಪುಡಿ, ಮಿನರಲ್ ಮಿಕ್ಸ್‌ಚರ್, ಇಷ್ಟೇ. ಮೂರು ವಾರದ ಹಿಂದೆ ಸೋಯಾ ಅರ್ಧ ಇಳಿಸಿ, ಹಸುವಿಗೆ ಅಂತ ತಂದಿಟ್ಟಿದ್ದ ಹತ್ತಿಕಾಳು ಹಿಂಡಿ ಸೇರಿಸಿದೆ. ಹಸು ತಿಂದು ಚೆನ್ನಾಗಿ ಹಾಲು ಕೊಡುತ್ತಿದೆ, ಕೋಳಿಗೇನು ಕಷ್ಟ ಅಂದುಕೊಂಡೆ. ಅವೂ ಗಲಾಟೆ ಮಾಡದೆ ತಿಂದವು. ಮೊನ್ನೆ ಬೇಕರಿಯವರು ಫೋನ್ ಮಾಡಿ ಬೈದರು. ಹೋಗಿ ನೋಡಿದರೆ ಹಳದಿ ಭಾಗ ತೊಳೆಯದ ಹಿತ್ತಾಳೆ ಚೊಂಬಿನ ಬಣ್ಣ, ಕಂದು ಹಸಿರು. ಅವತ್ತೇ ಇಟ್ಟ ಮೊಟ್ಟೆ ಒಡೆದರೆ ಮಾತ್ರ ಏನೂ ಇಲ್ಲ, ಹತ್ತು ದಿನ ಇಟ್ಟದ್ದು ಹೀಗೆ. ರೋಗವಾ ಇದು? ಊರಿನ ಗಾಣದಲ್ಲಿ ಶೇಂಗಾ ಹಿಂಡಿ ಸಿಗುತ್ತದೆ, ಸೋಯಾ ಪೂರ್ತಿ ಬಿಟ್ಟು ಅದನ್ನೇ ಹಾಕಲಾ?

ತೌಡುನುಚ್ಚು:
ರೋಗ ಅಲ್ಲ ಅಣ್ಣ, ಹಿಂಡಿಯದೇ ಕೆಲಸ. ಹತ್ತಿಕಾಳಲ್ಲಿ ಗಾಸಿಪಾಲ್ ಅಂತ ಒಂದು ವಿಷದ ಅಂಶ ಇದೆ. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಅದು ಬಹುಪಾಲು ಕಟ್ಟಿಹಾಕಿಸಿಕೊಳ್ಳುತ್ತದೆ, ಕೋಳಿಗೆ ಆ ಹೊಟ್ಟೆ ಎಲ್ಲಿದೆ? ಅದು ಹಳದಿಗೆ ಸೇರಿ, ಮೊಟ್ಟೆ ಇಟ್ಟಷ್ಟು ದಿನ ಅಲ್ಲಿರುವ ಕಬ್ಬಿಣದ ಜೊತೆ ಕೂಡಿ ಬಣ್ಣ ತಿರುಗಿಸುತ್ತದೆ. ಅದಕ್ಕೇ ತಾಜಾ ಮೊಟ್ಟೆಯಲ್ಲಿ ಕಾಣಲಿಲ್ಲ. ಹಿಂಡಿಯಲ್ಲಿ ಎಣ್ಣೆ ಉಳಿದಿದ್ದರೆ ಬಿಳಿ ಭಾಗವೂ ಗುಲಾಬಿ ಆಗುವುದುಂಟು. ಇವತ್ತೇ ನಿಲ್ಲಿಸಿ. ನಿಲ್ಲಿಸಿದ ಮರುದಿನವೇ ಸರಿಹೋಗಲ್ಲ, ಒಂದು ಹಳದಿ ತುಂಬಿಕೊಳ್ಳೋಕೆ ಹತ್ತು ದಿನದ ಹತ್ತಿರ ಬೇಕು. ಅಲ್ಲೀವರೆಗೆ ಬೇಕರಿಗೆ ಕಳಿಸಬೇಡಿ.

ಎರೆಹೊಲ:
ಶೇಂಗಾ ಹಿಂಡಿ ಬಗ್ಗೆ ನಾನು ಹೇಳ್ತೀನಿ, ನಾನು ಅದರಲ್ಲೇ ಪೆಟ್ಟು ತಿಂದವನು. ಪ್ರೊಟೀನ್ ಲೆಕ್ಕದಲ್ಲಿ ಸೋಯಾಗೆ ಹತ್ತಿರವೇ ಇದೆ, ನೂರಕ್ಕೆ 40ರ ಮೇಲೆ. ಆದರೆ ಪ್ರೊಟೀನ್ ಒಳಗೆ ಕೋಳಿಗೆ ಬೇಕೇಬೇಕಾದ ಎರಡು ಅಂಶ ಇವೆ, ಲೈಸಿನ್ ಮತ್ತು ಮಿಥಿಯೊನಿನ್. ಇದರಲ್ಲಿ ಲೈಸಿನ್ ಸೋಯಾದ ಸುಮಾರು ಅರ್ಧ, ಮಿಥಿಯೊನಿನ್ನೂ ಕಡಿಮೆ. ನಾನು ಪೂರ್ತಿ ಬದಲಾಯಿಸಿದೆ, ಪ್ರೊಟೀನ್ ಸರಿ ಇದ್ದರೂ ಮೊಟ್ಟೆ ಸಣ್ಣದಾಗುತ್ತಾ ಹೋಯಿತು, ಆಮೇಲೆ ಎಣಿಕೆಯೂ ಇಳಿಯಿತು. ಮೂರು ತಿಂಗಳು ಸುಮ್ನೆ ಸೀಸನ್ನಿನ ಮೇಲೆ ತಪ್ಪು ಹೊರಿಸಿದ್ದೆ.

ಅದಕ್ಕಿಂತ ದೊಡ್ಡ ಭಯ ಬೂಸ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತವು, ಕಾರಣ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. ಬೂಸ್ಟು ಬಿಡುವ ಅಫ್ಲಟಾಕ್ಸಿನ್ ಅನ್ನೋ ವಿಷ ಗೊತ್ತಾಗಿದ್ದೇ ಅದರಿಂದ. ಹುರಿದರೆ, ಬಿಸಿಲಿಗೆ ಹಾಕಿದರೆ ಪೂರ್ತಿ ಹೋಗಲ್ಲ. ಹಾಕಲೇಬೇಕು ಅಂದರೆ 100 ಕೆಜಿ ಮಿಶ್ರಣಕ್ಕೆ 8-10 ಕೆಜಿ ಹೊಸ ಹಿಂಡಿ ಸಾಕು, ಸೋಯಾ ಇರಲಿ, ಲೈಸಿನ್ ಪುಡಿ ಬೇರೆ ಸೇರಿಸಿ. ಮಳೆಗಾಲದಲ್ಲಿ ನಾನಂತೂ ಮುಟ್ಟಲ್ಲ.

ಬೆಳಗಿನ_ಕೂಗು:
ಸೂರ್ಯಕಾಂತಿ ಹಿಂಡಿ ಯಾಕೆ ಯಾರೂ ಹೇಳ್ತಿಲ್ಲ? ಅದರಲ್ಲಿ ಮಿಥಿಯೊನಿನ್ ಚೆನ್ನಾಗಿದೆ, ಮೊಟ್ಟೆ ಬಣ್ಣದ ತಕರಾರಿಲ್ಲ. ಲೈಸಿನ್ ಮಾತ್ರ ಇದರಲ್ಲೂ ಕಡಿಮೆ, ಸಿಪ್ಪೆ ಜಾಸ್ತಿ ಇದ್ದರೆ ನಾರು ತುಂಬಿ ಕೋಳಿಗೆ ಶಕ್ತಿ ಸಾಲಲ್ಲ, ಹಾಗಾಗಿ ನೂರಕ್ಕೆ ಹತ್ತು ದಾಟಿಸಬೇಡಿ. ಸಾಸಿವೆ ಹಿಂಡಿ ಅಗ್ಗ ಅಂತ ಯಾರಾದರೂ ಕೊಟ್ಟರೆ ಬೇಡ ಅನ್ನಿ. ನಿಮ್ಮದು ಕಂದು ಮೊಟ್ಟೆಯ ಕೋಳಿ, ಅಂಥವುಗಳ ಮೊಟ್ಟೆಗೆ ಮೀನಿನ ವಾಸನೆ ಬರುವುದುಂಟು. ಬೇಕರಿಯವರು ಆಗ ಫೋನ್ ಮಾಡಲ್ಲ, ನೇರವಾಗಿ ಮನೆಗೇ ಬರ್ತಾರೆ.

ಚಳ್ಳಕೆರೆ_ಕೋಳಿಗೂಡು:
ಹತ್ತಿ ಹಿಂಡಿ ಕೊಟ್ಟಿಗೆಗೆ ವಾಪಸ್ ಹೋಯಿತು. ಬೇಕರಿಗೆ ಎರಡು ಟ್ರೇ ಬೇರೆಯವರ ಹತ್ತಿರ ಕೊಂಡು ಕೊಟ್ಟೆ. ನಿನ್ನೆ ಗಾಣಕ್ಕೆ ಹೋಗಿ ಶೇಂಗಾ ಹಿಂಡಿಯ ಬಿಲ್ಲೆ ಮುರಿದು ನೋಡಿದೆ. ಮೇಲೆ ಚೊಕ್ಕ, ಒಳಗೆ ಬೂದಿ ಬಣ್ಣದ ಪುಡಿ, ಮುಗ್ಗಲು ವಾಸನೆ. ಬೇಡ ಅಂದೆ. ‘ಕೋಳಿಗೆ ಬೇಡ ಅಂದ್ರೆ ಹಸುವಿಗೆ ಹಾಕಿ, ಏನೂ ಆಗಲ್ಲ’ ಅಂದರು. ತರಲಾ?

ಎರೆಹೊಲ:
ತರಬೇಡಿ. ಆ ವಿಷ ಹಾಲಿಗೂ ಇಳಿಯುತ್ತದೆ.