ಮಾವ ಯಜಮಾನರಾದರೆ ಅಮ್ಮನ ಪಾಲು ಯಾರದ್ದು?

ಪ್ರಶ್ನೆ: ವಕೀಲರೇ, ನಮ್ಮದು ಕಾರ್ಕಳ ಕಡೆಯ ಅಳಿಯಕಟ್ಟಿನ (ತಾಯಿಯ ಕಡೆಯಿಂದ ಹಕ್ಕು ಇಳಿಯುವ) ಮನೆ. 1972ರ ಪಾಲುಪಟ್ಟಿಯಲ್ಲಿ ಅಜ್ಜಿಯ ಕವರಿಗೆ (ತಾಯಿವಂಶದ ಕವಲಿಗೆ) ಬಂದ ವರ್ಗ (ಕಂದಾಯ ಕಟ್ಟುವ ಸ್ವಂತ) ಜಾಗ. ಅಜ್ಜಿ ತೀರಿದ ಮೇಲೆ ಆರ್‌ಟಿಸಿಯಲ್ಲಿ ಸೋದರಮಾವ, ಅಮ್ಮ ಜಂಟಿ. 2019ರಲ್ಲಿ ಅಮ್ಮನೂ ಹೋದರು. "ಯಜಮಾನ ನಾನು, ಖಾತೆ ನನ್ನ ಹೆಸರಿಗಾಗಲಿ, ಒಂದು ಸಹಿ ಹಾಕಿ" ಅಂತಾರೆ ಮಾವ. ಅಪ್ಪ ಇದ್ದಾರೆ, ಮಕ್ಕಳು ನಾನು ಮತ್ತು ತಂಗಿ.

ಉತ್ತರ: ಆ ಕಾಗದ ಏನೆಂದು ಮೊದಲು ಓದಿ. ಉಪನೋಂದಣಿ ಕಚೇರಿಗೆ ಕರೆದರೆ ಅದು ಬರೀ ಒಪ್ಪಿಗೆಯಲ್ಲ, ಹಕ್ಕು ಬಿಡುಗಡೆ ಪತ್ರ ಇರಬಹುದು. ಖಾತೆ ಬದಲಾದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಬಿಡುಗಡೆ ಪತ್ರ ಬರೆದುಕೊಟ್ಟರೆ ಹೋಯಿತು.

ಯಜಮಾನ ಎಂದರೆ ನೋಡಿಕೊಳ್ಳುವವ, ಒಡೆಯನಲ್ಲ. ಕವರು ಎಂದರೆ ಒಬ್ಬ ಹೆಂಗಸು, ಆಕೆಯ ಮಕ್ಕಳು, ಹೆಣ್ಣುಸಂತತಿಯಲ್ಲಿ ಮುಂದಿನವರು. ಹಾಗಾಗಿ ನೀವು ಈ ಕವರಿನವರೇ. ಮಾವನ ಮಕ್ಕಳು ತಮ್ಮ ತಾಯಿಯ (ಮಾವನ ಹೆಂಡತಿಯ) ಕವರಿಗೆ ಸೇರಿದವರು. (ಮಾವನ ಸ್ವಂತ ಪಾಲು ಮಾತ್ರ ಮುಂದೆ ಅವರಿಗೂ ಹೋಗುತ್ತದೆ. ಮನೆಯಲ್ಲಿ ಜಗಳ ಹುಟ್ಟುವುದೇ ಇಲ್ಲಿ.)

ಹಿಂದೆ ಸತ್ತವರ ಪಾಲು ಕವರಿನಲ್ಲೇ ಉಳಿಯುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಕಲಂ 7(2) ಅದನ್ನು ಬದಲಿಸಿತು. ಸಾಯುವ ಮೊದಲಿನ ಕ್ಷಣದಲ್ಲಿ ಕವರಿನಲ್ಲಿ ಬದುಕಿದ್ದವರೆಲ್ಲರಿಗೂ ತಲೆಲೆಕ್ಕದಲ್ಲಿ ಪಾಲಾಗಿತ್ತು ಎಂದು ಎಣಿಸಿ, ಸತ್ತವರ ಭಾಗವನ್ನು ವಾರಸುದಾರರಿಗೆ ಕೊಡಬೇಕು. ನಾಲ್ಕೇ ತಲೆ (ಮಾವ, ಅಮ್ಮ, ನೀವು, ತಂಗಿ) ಎಂದಿಟ್ಟುಕೊಳ್ಳಿ: ಅಮ್ಮನದು ಕಾಲು ಭಾಗ, ಅದು ನಿಮ್ಮಿಬ್ಬರಿಗೆ ಸಮ, ನಿಮ್ಮ ನಿಮ್ಮ ಕಾಲು ಬೇರೆ. ತಂಗಿಗೆ ಆಗ ಮಕ್ಕಳಿದ್ದರೆ ತಲೆ ಹೆಚ್ಚುತ್ತದೆ. ಅಜ್ಜಿಯ ಪಾಲನ್ನು ಇದಕ್ಕೂ ಮೊದಲು ಹೀಗೆಯೇ ಬೇರೆ ಲೆಕ್ಕ ಹಾಕಬೇಕು. ಆರ್‌ಟಿಸಿಯಲ್ಲಿ ಎರಡೇ ಹೆಸರಿದೆ ಎಂದು ಅರ್ಧರ್ಧ ಎಂದುಕೊಳ್ಳಬೇಡಿ.

ಕವರಿನ ಪಾಲಿಗೂ ಉಯಿಲು ಬರೆಯಬಹುದು. ಅಮ್ಮ ಬರೆದಿಟ್ಟಿದ್ದಾರಾ ಹುಡುಕಿ.

ಪ್ರಶ್ನೆ: ಅಪ್ಪನಿಗೆ?

ಉತ್ತರ: ಇಲ್ಲ. ಕಲಂ 17ರಂತೆ ಅಳಿಯಕಟ್ಟಿನ ಹೆಂಗಸಿನ ಮೊದಲ ವಾರಸುದಾರರು ಮಕ್ಕಳು ಮತ್ತು ತಾಯಿ. ಗಂಡ ಎರಡನೇ ಸಾಲಿನಲ್ಲಿ.

ಮತ್ತೊಬ್ಬರು: ನಾವು ಮಂಗಳೂರಿನ ಮಕ್ಕಳಕಟ್ಟಿನವರು (ಹಕ್ಕು ತಂದೆಯಿಂದ ಮಕ್ಕಳಿಗೆ ಇಳಿಯುವವರು). ನಮಗೂ ಹೀಗೆಯಾ?

ಉತ್ತರ: ನಿಮಗೆ ಕಲಂ 15. ಅಲ್ಲಿ ಮಕ್ಕಳ ಜೊತೆ ಗಂಡನಿಗೂ ಸಮಪಾಲು. ಹಾಗಾಗಿ ಯಾವ ಕಟ್ಟು ಎಂದು ಕೇಳದೆ ನಾನು ಭಾಗ ಹೇಳುವುದಿಲ್ಲ.

ಕಾರ್ಕಳದವರೇ, 1972ರ ಪತ್ರ ನೋಂದಣಿಯಾಗಿದ್ದರೆ ದೃಢೀಕೃತ ನಕಲು ತೆಗೆಸಿ. ಜಾಗ ಕವರಿಗೆ ಬಂದದ್ದೋ ಅಜ್ಜಿಯ ಹೆಸರಿಗೆ ಪ್ರತ್ಯೇಕವಾಗಿಯೋ ಎಂಬ ಒಂದು ಸಾಲು ಬದಲಾದರೆ ಮೇಲಿನ ಲೆಕ್ಕವೇ ಬದಲು.