ರಾತ್ರಿ 28 ಪೇಶೆಂಟಿಗೆ ಒಬ್ರೇ ಸಿಸ್ಟರ್, ಎಲ್ಲಾ ಕಡೆನೂ ಹಿಂಗೇನಾ?

ಹೊಸನಗರದ_ಹುಡುಗ

ಎಲ್ರಿಗೂ ನಮಸ್ಕಾರ. ಹಿಂದಿನ ತಿಂಗಳು ಅಪ್ಪಯ್ಯ ಅಂಗಳದ ಪಾಚಿ ಮೇಲೆ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರ್ಕಂಡ್ರು, 74 ವರ್ಷ, ಶುಗರ್ ಬೇರೆ ಇದೆ. ಶಿವಮೊಗ್ಗದಲ್ಲಿ ಒಂದು ಪ್ರೈವೇಟ್ ಆಸ್ಪತ್ರೆಗೆ ಸೇರಿಸಿದ್ವಿ, ಹೆಸರು ಬೇಡ. ಆಪರೇಷನ್ ಚೆನ್ನಾಗೇ ಆಯ್ತು, ಡಾಕ್ಟ್ರ ಬಗ್ಗೆ ಎರಡು ಮಾತಿಲ್ಲ. ತೊಂದ್ರೆ ಶುರುವಾಗಿದ್ದು ವಾರ್ಡಿಗೆ ಬಂದ್ಮೇಲೆ.

ರಾತ್ರಿ 8ಕ್ಕೆ ಡ್ಯೂಟಿ ಬದಲಾದ್ರೆ ಬೆಳಿಗ್ಗೆ 8ರ ತನಕ ಇಡೀ ಫ್ಲೋರಿಗೆ ಒಬ್ರೇ ಸಿಸ್ಟರ್, ಜೊತೆಗೊಬ್ಳು ಆಯಾ. ನಿದ್ದೆ ಬರದೆ ನಾನೇ ಒಂದು ಸುತ್ತು ಹೋಗಿ ಎಣಿಸಿದೆ, 28 ಜನ ಪೇಶೆಂಟ್. ಎರಡನೇ ರಾತ್ರಿ ಗ್ಲೂಕೋಸ್ ಬಾಟ್ಲಿ ಖಾಲಿಯಾಗಿ ಪೈಪಲ್ಲಿ ರಕ್ತ ವಾಪಸ್ ಬರ್ತಾ ಇದೆ, ಬೆಲ್ ಒತ್ತಿ ಒತ್ತಿ ಸಾಕಾಗಿ ಹುಡುಕ್ಕೊಂಡು ಹೋದ್ರೆ ಆ ಹುಡುಗಿ ಇನ್ನೊಂದು ರೂಮಲ್ಲಿ ವಾಂತಿ ಮಾಡ್ಕೊಳ್ತಿದ್ದ ಅಜ್ಜಿನ ಹಿಡ್ಕಂಡು ನಿಂತಿದ್ದಾಳೆ. ಬೈಯೋಣ ಅಂತ ಹೋದೋನು ಅಲ್ಲೇ ಬಕೆಟ್ ಹಿಡ್ಕಂಡು ನಿಂತೆ.

ಆರನೇ ದಿನ ಬಟ್ಟೆ ಬದಲಾಯಿಸ್ಬೇಕಾದ್ರೆ ನೋಡಿದ್ರೆ ಬೆನ್ನಿನ ಕೆಳಗೆ ಚರ್ಮ ಸುಲಿದು ಹೋಗಿದೆ, ಬೆಡ್‌ಸೋರ್. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸ್ಬೇಕಿತ್ತಂತೆ, ನಮಗೆ ಯಾರೂ ಹೇಳಿಲ್ಲ. ಈಗ ಮನೆಗೆ ಬಂದು ದಿನಾ ಡ್ರೆಸಿಂಗ್.

ಇಷ್ಟು ಪೇಶೆಂಟಿಗೆ ಇಷ್ಟು ನರ್ಸ್ ಅಂತ ರೂಲ್ಸ್ ಎಂತಾದ್ರೂ ಇದ್ಯಾ? ಅಮ್ಮಂಗೆ ಮಂಡಿ ಆಪರೇಷನ್ ಬೇರೆ ಇದೆ ಮುಂದೆ. ಶಿವಮೊಗ್ಗದಲ್ಲೇ ಮಾಡ್ಸೋದಾ, ಘಾಟಿ ಇಳ್ದು ಮಣಿಪಾಲಕ್ಕೆ ಹೋಗೋದಾ ಅಂತ ಮನೇಲಿ ದಿನಾ ಜಗಳ.

ಸಿಸ್ಟರಕ್ಕ

ತಮ್ಮಾ, ಬಕೆಟ್ ಹಿಡ್ದಿದ್ದಕ್ಕೆ ಆ ಹುಡುಗಿ ಪರವಾಗಿ ನಾನೇ ಥ್ಯಾಂಕ್ಸ್ ಹೇಳ್ತೀನಿ. ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ 11 ವರ್ಷ ಆಯ್ತು, ಪ್ರೈವೇಟಲ್ಲಿ ಆರು ವರ್ಷ, ಈಗ ಸರ್ಕಾರಿ. ರೂಲ್ಸ್ ಇದೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಮೆಡಿಕಲ್ ಕಾಲೇಜ್ ಆಸ್ಪತ್ರೆಲಿ 3 ಬೆಡ್ಡಿಗೆ ಒಬ್ರು, ಬೇರೆ ಜನರಲ್ ಆಸ್ಪತ್ರೆಲಿ 5 ಬೆಡ್ಡಿಗೆ ಒಬ್ರು, ಅದ್ರ ಮೇಲೆ ರಜೆಗೆ ಅಂತ 30% ಜಾಸ್ತಿ ಇಟ್ಕೋಬೇಕು, ಐಸಿಯುಲಿ ಒಬ್ಬ ಪೇಶೆಂಟಿಗೆ ಒಬ್ರು. ಕೇಳೋಕೆ ಚೆಂದ ಅಲ್ವಾ? ಈಗ ಲೆಕ್ಕ ಹಾಕಿ ನೋಡಿ.

30 ಬೆಡ್ಡಿನ ವಾರ್ಡು ಅಂದ್ಕೊಳಿ. 5ಕ್ಕೆ ಒಬ್ರು ಅಂದ್ರೆ 6 ಜನ, ರಜೆದು ಸೇರಿಸಿ 8 ಅನ್ನಿ. ಈ ಎಂಟೂ ಜನ ಒಟ್ಟಿಗೆ ವಾರ್ಡಲ್ಲಿ ಇರ್ತಾರಾ? ದಿನಕ್ಕೆ ಮೂರು ಶಿಫ್ಟು, ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ಆಮೇಲೆ ರಾತ್ರಿ 8ರಿಂದ ಬೆಳಿಗ್ಗೆ 8. ಒಬ್ರಿಗೆ ವೀಕ್ಲಿ ಆಫ್, ಹಿಂದಿನ ರಾತ್ರಿ ಮಾಡ್ದೋರಿಗೆ ನೈಟ್ ಆಫ್, ಒಬ್ರು ರಜೆ. ಉಳಿದ ಐದು ಜನರಲ್ಲಿ ಬೆಳಿಗ್ಗೆಗೆ 2, ಮಧ್ಯಾಹ್ನಕ್ಕೆ 2, ರಾತ್ರಿಗೆ 1. ಅಂದ್ರೆ ಕಾಗದದಲ್ಲಿ 5ಕ್ಕೆ 1 ಸರಿಯಾಗೇ ಇರತ್ತೆ, ರಾತ್ರಿ ಎರಡು ಗಂಟೆಗೆ ಮಾತ್ರ 30ಕ್ಕೆ 1. ಇಷ್ಟೂ ಪೋಸ್ಟ್ ತುಂಬಿದ್ರೆ ಮಾತ್ರ ಈ ಕಥೆ, ಖಾಲಿ ಬಿದ್ದಿದ್ರೆ ಕೇಳ್ಲೇಬೇಡಿ. ಹೊರದೇಶದೋರು 5ಕ್ಕೆ 1 ಅಂದ್ರೆ ಆ ಹೊತ್ತಿಗೆ ಕಣ್ಣೆದುರು ಇರೋರ ಲೆಕ್ಕ, ನಮ್ಮಲ್ಲಿ ಅದು ಮಂಚ ಎಷ್ಟು, ಹುದ್ದೆ ಎಷ್ಟು ಅನ್ನೋ ಲೆಕ್ಕ ಆಗ್ಬಿಡತ್ತೆ.

ಇನ್ನು ಆ ಹುಡುಗಿ ರಾತ್ರಿ ನೋಡಿ. ಒಬ್ರಿಗೆ ಬಿಪಿ, ಟೆಂಪ್ರೇಚರ್, ಉಸಿರು, ಆಕ್ಸಿಜನ್ ನೋಡಿ ಬರೆಯೋಕೆ 5 ನಿಮಿಷ ಅಂದ್ರೂ 28 ಜನಕ್ಕೆ 140 ನಿಮಿಷ, ಎರಡು ಗಂಟೆ ಇಪ್ಪತ್ತು ನಿಮಿಷ ಅಲ್ಲೇ ಹೋಯ್ತು. ಅದ್ರ ಮಧ್ಯ ಇಂಜೆಕ್ಷನ್, ಹೊಸ ಅಡ್ಮಿಷನ್, ಬೆಳಿಗ್ಗೆ ಓಟಿಗೆ ಹೋಗೋರ ತಯಾರಿ, ಫೈಲ್ ಬರೆಯೋದು. ಹಂಗಾದಾಗ ನಾವು ಎಂತ ಬಿಡ್ತೀವಿ ಗೊತ್ತಾ? ಇಂಜೆಕ್ಷನ್ ಬಿಡಲ್ಲ, ಬಿಟ್ರೆ ಬೆಳಿಗ್ಗೆ ಸಿಕ್ಕಿ ಬೀಳ್ತೀವಿ. ಮಗ್ಗುಲು ತಿರುಗಿಸೋದು ಬಿಡ್ತೀವಿ, ಬಾಯಿ ಕ್ಲೀನ್ ಮಾಡೋದು ಬಿಡ್ತೀವಿ, ಮನೆಯೋರಿಗೆ ಕೂರಿಸಿ ಹೇಳ್ಕೊಡೋದು ಬಿಡ್ತೀವಿ. ನಿಮ್ಮ ಅಪ್ಪಯ್ಯಂಗೆ ಆಗಿದ್ದು ಅದೇ. ಒಂದು ಗುಟ್ಟು ಹೇಳ್ತೀನಿ, ಕೇಸ್ ಶೀಟಲ್ಲಿ ಎಲ್ಲಾ ಪೇಶೆಂಟ್ ಉಸಿರೂ ನಿಮಿಷಕ್ಕೆ 20 ಅಂತಾನೇ ಬರ್ದಿದ್ರೆ ಯಾರೂ ಎಣಿಸಿಲ್ಲ ಅಂತ ತಿಳ್ಕೊಳಿ. ಪೇಶೆಂಟ್ ಕೆಡೋಕೆ ಶುರುವಾದಾಗ ಎಷ್ಟೋ ಸಲ ಮೊದ್ಲು ಹೇಳೋದೇ ಆ ಉಸಿರು, ಅದನ್ನ ಎಣಿಸೋಕೆ ಪೂರ್ತಿ ಒಂದು ನಿಮಿಷ ಪಕ್ಕದಲ್ಲಿ ಸುಮ್ನೆ ನಿಲ್ಬೇಕು.

ಭದ್ರಾವತಿ_ಬಾಯ್ಲರ್

ಎಲ್ಲಾ ಸರಿ ಅಕ್ಕಾ ಆದ್ರೆ ಕೌಂಟರಲ್ಲಿ ಮೂರು ಜನ ಕೂತ್ಕಂಡು ಮೊಬೈಲ್ ನೋಡೋದನ್ನೂ ನೋಡಿದೀನಿ ನಾನು, ಹಗಲು ಹೊತ್ತಲ್ಲಿ. ಕರೆದ್ರೆ "ಬರ್ತೀವಿ ಹೋಗಿ" ಅಂತಾರೆ. ಜನ ಜಾಸ್ತಿ ಮಾಡಿದ್ರೆ ಮೊಬೈಲ್ ನೋಡೋರು ಜಾಸ್ತಿ ಆಗ್ತಾರೆ ಅಷ್ಟೇ.

ಕೊಪ್ಪದ_ಕಾಫಿ

ಬಾಯ್ಲರ್ ಅವ್ರೇ, ಸೋಮಾರಿಗಳು ಎಲ್ಲಾ ಕೆಲ್ಸದಲ್ಲೂ ಇದ್ದಾರೆ, ನಮ್ಮ ತೋಟಕ್ಕೂ ಬರ್ತಾರೆ. ಆದ್ರೆ ಒಳ್ಳೆಯವರು, ಸೋಮಾರಿಗಳು ಎಲ್ಲಾ ಸೇರಿನೇ ದೊಡ್ಡ ಲೆಕ್ಕ ಹಾಕಿದ್ರೆ ಎಂತ ಕಾಣತ್ತೆ ಅನ್ನೋದು ಬೇರೆ ಪ್ರಶ್ನೆ, ಅದನ್ನ ಹಾಕಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 168 ಆಸ್ಪತ್ರೆ ನೋಡಿ ಲಿಂಡಾ ಐಕೆನ್ ಅನ್ನೋ ನರ್ಸಿಂಗ್ ಸಂಶೋಧಕರ ತಂಡ 2002ರಲ್ಲಿ ಬರೀತು: ಒಬ್ಬ ನರ್ಸ್ ಮೇಲೆ ಒಂದೊಂದು ಪೇಶೆಂಟ್ ಜಾಸ್ತಿ ಆದಂಗೆ ಆಪರೇಷನ್ ಆದೋರು 30 ದಿನದೊಳಗೆ ಸಾಯೋ ಸಾಧ್ಯತೆ 7% ಏರ್ತಾ ಹೋಗತ್ತೆ ಅಂತ. 2014ರಲ್ಲಿ ಯುರೋಪಿನ 9 ದೇಶ, 300 ಆಸ್ಪತ್ರೆ, 4 ಲಕ್ಷಕ್ಕೂ ಜಾಸ್ತಿ ಪೇಶೆಂಟ್ ಇಟ್ಕೊಂಡು ನೋಡಿದಾಗ್ಲೂ ಅದೇ 7% ಬಂತು.

ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲೇ ಕಾನೂನು ಮಾಡಿ 2004ರಿಂದ ಜಾರಿಗೆ ತಂದ್ರು, ಈಗ ಸಾಮಾನ್ಯ ವಾರ್ಡಲ್ಲಿ 5 ಪೇಶೆಂಟಿಗೆ ಒಬ್ರು, ಐಸಿಯುಲಿ 2ಕ್ಕೆ ಒಬ್ರು, ಅದೂ ಸಿಸ್ಟರಕ್ಕ ಹೇಳ್ದಂಗೆ ಎಲ್ಲಾ ಹೊತ್ತಲ್ಲೂ, ಊಟಕ್ಕೆ ಹೋದ್ರೂ ಬದಲಿ ಇರ್ಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಲ್ಲಿ 2016ರಲ್ಲಿ ಹಂಗೇ ಮಾಡಿ ಲೆಕ್ಕ ತೆಗೆದ್ರೆ ಪೇಶೆಂಟ್ ಬೇಗ ಮನೆಗೆ ಹೋಗಿದ್ದು, ಮತ್ತೆ ಅಡ್ಮಿಟ್ ಆಗೋದು ತಪ್ಪಿದ್ದು, ಇದ್ರಲ್ಲೇ ಉಳಿದ ದುಡ್ಡು ಹೊಸ ನರ್ಸ್‌ಗಳ ಸಂಬಳದ ಎರಡು ಪಟ್ಟು ಆಯ್ತು.

ಆದ್ರೂ ಒಂದು ಮಾತು, ಆ 7%ನ ಹಂಗೇ ತಂದು ಶಿವಮೊಗ್ಗಕ್ಕೆ ಅಂಟಿಸೋಕೆ ಆಗಲ್ಲ. ಅಲ್ಲಿ ವಾರ್ಡಲ್ಲಿ ಮಂಚದ ಪಕ್ಕ ಚಾಪೆ ಹಾಸ್ಕೊಂಡು ಮಲಗೋ ಮಗ, ಸೊಸೆ ಇರಲ್ಲ.

ಅರಳಗೋಡು_ಕಡೆಯೋಳು

ಕಾಫಿ ಅವ್ರು ಕೊನೆಗೆ ಹೇಳಿದ್ದೇ ನಂಗೆ ಮುಖ್ಯ ಅನ್ಸಿದ್ದು. 2019ರಲ್ಲಿ ನಮ್ಮ ಕಡೆ ಮಂಗನಕಾಯಿಲೆ ಜೋರಾದಾಗ ತುಂಬಾ ಜನ ಮಣಿಪಾಲದಲ್ಲಿ ಅಡ್ಮಿಟ್ ಆಗಿದ್ರು, ನಾನೂ ನಮ್ಮನೆಯೋರ ಜೊತೆ ಹೋಗಿ ನಿಂತಿದ್ದೆ. ಆ ಜ್ವರ ಒಂದ್ಸಲ ಬಿಟ್ಟಂಗಾಗಿ ಕೆಲವ್ರಿಗೆ ಮತ್ತೆ ಬರತ್ತೆ, ಆಗ ತಲೆಗೆ ಏರಿ ಏನೇನೋ ಮಾತಾಡ್ತಾರೆ, ಹಂಗಾಗಿ ಕಣ್ಣಿಟ್ಟು ನೋಡ್ತಾನೇ ಇರ್ಬೇಕು. ನೀರು ಕುಡಿಸೋದು, ಮೈ ಒರೆಸೋದು, ಒಸಡಲ್ಲಿ ರಕ್ತ ಬಂತಾ ನೋಡೋದು, ಅರ್ಧ ಕೆಲ್ಸ ನಾವೇ ಮಾಡಿದ್ದು. ನರ್ಸ್ ಕಮ್ಮಿ ಇರೋದು ಗೊತ್ತಾಗದೇ ಇರೋದು ಮನೆಯೋರು ಆ ಜಾಗ ತುಂಬಿರೋದ್ರಿಂದ.

ನಮ್ಮ ದೊಡ್ಡಮ್ಮಂಗೆ ಯಾರೂ ಇರ್ಲಿಲ್ಲ ಮಾರಾಯ್ರೆ. ಮಕ್ಕಳಿಬ್ರೂ ಬೆಂಗಳೂರು, ಅಡಿಕೆ ಕೊನೆ ಕೊಯ್ಲಿನ ಟೈಮು ಬೇರೆ, ನಾವ್ಯಾರೂ ಹೋಗೋಕಾಗ್ಲಿಲ್ಲ. ಬೇರೆ ಒಂದು ಆಸ್ಪತ್ರೆ, ಹೆಸರು ಬಿಡಿ. ಊಟದ ತಟ್ಟೆ ತಂದು ಮಂಚದ ಪಕ್ಕ ಇಡೋರು, ಕೈ ನಡುಗಿ ಉಣ್ಣೋಕಾಗದೆ ಹಂಗೇ ವಾಪಸ್ ಹೋಗೋದು. ಶುಗರ್ ಮಾತ್ರೆ ಮಾತ್ರ ಟೈಮಿಗೆ ಸರಿಯಾಗಿ ಕೊಟ್ಟಿದ್ದಾರೆ. ಒಂದು ಬೆಳಿಗ್ಗೆ ಶುಗರ್ ಇಳ್ದು ಎಚ್ಚರ ತಪ್ಪಿದ್ಮೇಲೇ ಗೊತ್ತಾಗಿದ್ದು ಎರಡು ದಿನದಿಂದ ಉಂಡೇ ಇಲ್ಲ ಅಂತ. ಊರಲ್ಲಿ ಮನೆಮನೇಲೂ ಈಗ ಮುದುಕರೇ ಇರೋದು, ಇನ್ನು ಮುಂದೆ ಯಾರು ಹೋಗಿ ಚಾಪೆ ಹಾಸ್ತಾರೆ ಹೇಳಿ?

ಲೆಕ್ಕದ_ಪುಸ್ತಕ

ಬೈಸ್ಕೊಳ್ಳೋಕೆ ರೆಡಿಯಾಗೇ ಬರೀತಿದೀನಿ, 40 ಬೆಡ್ಡಿನ ಒಂದು ನರ್ಸಿಂಗ್ ಹೋಮಿನ ಆಡಳಿತ ನಾನೇ ನೋಡ್ಕೊಳ್ಳೋದು. ನರ್ಸ್ ಬೇಡ ಅಂತ ಯಾರು ಹೇಳ್ತಾರೆ ಸ್ವಾಮಿ, ಸಿಗ್ಬೇಕಲ್ಲ. ಹೊಸದಾಗಿ ಪಾಸಾದೋರು ಬರ್ತಾರೆ, ಕ್ಯಾನುಲಾ (ಡ್ರಿಪ್ಪಿಗೆ ನರಕ್ಕೆ ಚುಚ್ಚೋ ಪೈಪು) ಹಾಕೋದು ಕೈಗೆ ಹತ್ತೋ ಹೊತ್ತಿಗೆ ಬೆಂಗಳೂರು, ಇಲ್ಲಾಂದ್ರೆ ಗಲ್ಫು, ಈಗ ಜರ್ಮನಿ ಭಾಷೆ ಕಲಿತು ಅಲ್ಲಿಗೂ ಹೊರಡ್ತಾರೆ. ಪ್ಯಾಕೇಜ್ ರೇಟಲ್ಲಿ ಆಪರೇಷನ್ ಮಾಡಿದ್ರೆ ನರ್ಸ್ ಇಬ್ರಿದ್ರೂ ಅಷ್ಟೇ ದುಡ್ಡು, ಒಬ್ರಿದ್ರೂ ಅಷ್ಟೇ. ಮೊದ್ಲು ಕತ್ತರಿ ಬೀಳೋದು ಅಲ್ಲೇ, ಒಪ್ಕೊತೀನಿ.

ಸಿಸ್ಟರಕ್ಕ

ಒಪ್ಕೊಂಡಿದ್ದಕ್ಕೆ ಸಂತೋಷ ಸಾರ್. ಪ್ರೈವೇಟ್ ಆಸ್ಪತ್ರೆ ನರ್ಸ್‌ಗಳ ಸಂಬಳದ ಬಗ್ಗೆ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿ ಕೇಂದ್ರ ಸರ್ಕಾರ ಕಮಿಟಿ ಮಾಡ್ತಲ್ಲ, ಅದು 50ಕ್ಕಿಂತ ಕಮ್ಮಿ ಬೆಡ್ ಇರೋ ಆಸ್ಪತ್ರೆಲೂ ನರ್ಸಿಗೆ ತಿಂಗಳಿಗೆ ಕನಿಷ್ಠ 20,000 ಕೊಡಿ ಅಂತ ಶಿಫಾರಸು ಮಾಡಿತ್ತು. ನಾನು ಪ್ರೈವೇಟ್ ಬಿಟ್ಟಿದ್ದು ಅದ್ರಾಚೆ ಎಷ್ಟೋ ವರ್ಷಕ್ಕೆ, ಆಗ್ಲೂ ಅಷ್ಟು ಬರ್ತಿರ್ಲಿಲ್ಲ. ನಿಮ್ಮಲ್ಲಿ ಎಷ್ಟು ಕೊಡ್ತೀರಿ ಇಲ್ಲಿ ಬರೀರಿ ನೋಡಣ. ಒಬ್ರು ಬಿಟ್ಟು ಹೋದಾಗ ಉಳಿದೋರ ಮೇಲೆ ಭಾರ ಬೀಳತ್ತೆ, ಅವ್ರೂ ಬಿಡ್ತಾರೆ, ಆಮೇಲೆ ಸಿಗ್ತಿಲ್ಲ ಅಂತೀರಿ.

ಬಾಯ್ಲರ್ ಅಣ್ಣಾ, ಮೊಬೈಲ್ ನೋಡೋರಿದ್ದಾರೆ, ಸುಳ್ಳು ಹೇಳಲ್ಲ. ಆದ್ರೆ ಈಗ ಡಾಕ್ಟ್ರು ಆರ್ಡರ್ ಕಳ್ಸೋದು, ಲ್ಯಾಬ್ ರಿಪೋರ್ಟ್ ಬರೋದು ಎಲ್ಲಾ ವಾಟ್ಸಾಪಲ್ಲೇ ಅನ್ನೋದೂ ಗೊತ್ತಿರ್ಲಿ.

ತಮ್ಮಾ, ಅಮ್ಮನ ವಿಷ್ಯ. ಊರು ಯಾವ್ದು ಅನ್ನೋದಕ್ಕಿಂತ ವಾರ್ಡ್ ಯಾವ್ದು ನೋಡಿ. ಅಡ್ಮಿಷನ್ ಮುಂಚೆ ಒಂದೇ ಪ್ರಶ್ನೆ ಕೇಳಿ: ಆಪರೇಷನ್ ಆದ್ಮೇಲೆ ಇಡೋ ವಾರ್ಡಲ್ಲಿ ರಾತ್ರಿ ಎಷ್ಟು ಜನ ಸ್ಟಾಫ್ ನರ್ಸ್, ಎಷ್ಟು ಪೇಶೆಂಟ್? ಆಯಾನ, ಟ್ರೈನಿಂಗ್ ಹುಡುಗೀರ್ನ ಸೇರಿಸಿ ಹೇಳಿದ್ರೆ ಬಿಡ್ಸಿ ಹೇಳಿ ಅನ್ನಿ. ದೂರು ಕೊಡ್ಬೇಕಂದ್ರೆ ಪ್ರೈವೇಟ್ ಆಸ್ಪತ್ರೆ ಮೇಲೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೇಲಿ ಜಿಲ್ಲಾ ಪ್ರಾಧಿಕಾರ ಇದೆ, ಡಿಸಿನೇ ಅಧ್ಯಕ್ಷರು. ಬೆಡ್‌ಸೋರ್ ಫೋಟೋ ತಾರೀಖು ಸಮೇತ ಇಟ್ಕೊಳಿ.

ಹೊಸನಗರದ_ಹುಡುಗ

ಅಕ್ಕಾ, ನೀವು ಹೇಳ್ದಂಗೆ ಎರಡು ಕಡೆ ಕೇಳ್ದೆ. ಒಂದು ಕಡೆ ಕೌಂಟರಲ್ಲಿ "ಸ್ಟಾಫ್ ಸಾಕಷ್ಟು ಇರ್ತಾರೆ ಸರ್, ಟೆನ್ಶನ್ ಬೇಡ" ಅಂದ್ರು, ಎಷ್ಟು ಅಂತ ಮಾತ್ರ ಬಾಯಿ ಬಿಡ್ಲಿಲ್ಲ. ಇನ್ನೊಂದು ಕಡೆ ಇನ್‌ಚಾರ್ಜ್ ಸಿಸ್ಟರೇ ಬಂದು 18 ಬೆಡ್ಡಿಗೆ ರಾತ್ರಿ ಇಬ್ರು, ಒಬ್ರು ರಜೆ ಹಾಕಿದ್ರೆ ಕೆಳಗಡೆಯಿಂದ ಕಳಿಸ್ತೀವಿ ಅಂದ್ರು. ನಂಬಿಕೆ ಬರ್ದೆ ಪೇಶೆಂಟ್ ನೋಡೋಕೆ ಬಂದೋನ ತರ ರಾತ್ರಿ ಒಂಬತ್ತೂವರೆಗೆ ಹೋಗಿ ನೋಡ್ದೆ, ಇಬ್ರು ಇದ್ರು, ಒಬ್ರಂತೂ ನನ್ನನ್ನೇ "ವಿಸಿಟಿಂಗ್ ಟೈಮ್ ಮುಗೀತು" ಅಂತ ಹೊರಗೆ ಕಳ್ಸಿದ್ರು. ಅಲ್ಲೇ ಡೇಟ್ ತಗೊಂಡ್ವಿ.

ಅಪ್ಪಯ್ಯನ ಗಾಯ ಒಂಚೂರು ಒಣಗ್ತಾ ಇದೆ. ಗಾಳಿ ತುಂಬೋ ಏರ್ ಬೆಡ್ ಹಾಕಿ ಅಂದಿದ್ದಾರೆ, ಶಿವಮೊಗ್ಗದಲ್ಲಿ ಬಾಡಿಗೆಗೆ ಎಲ್ಲಿ ಸಿಗತ್ತೆ, ಯಾರಿಗಾದ್ರೂ ಗೊತ್ತಾ?